ಮರಳಂಗಣದ ಆಟಗಾರ್ತಿಯರು

ವಿದ್ಯೆಯು ಬುದ್ಧಿಯನ್ನು ಬೆಳಗಿದರೆ, ಕ್ರೀಡೆಯು ದೇಹವನ್ನೂ ಮನಸ್ಸನ್ನೂ ಹದಗೊಳಿಸುತ್ತದೆ. ಆದರೆ ಕ್ರೀಡಾಂಗಣದ ಬಾಗಿಲು ಬಹುಕಾಲ ಸ್ತ್ರೀಯರಿಗೆ ಪೂರ್ಣವಾಗಿ ತೆರೆದಿರಲಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯೂ ಇದೇ ಸ್ಥಿತಿಯಿತ್ತು. 1972ರಲ್ಲಿ ಅಲ್ಲಿ ಜಾರಿಗೆ ಬಂದ ಶಾಸನವೊಂದು, ಕೇಂದ್ರ ಸರ್ಕಾರದ ಧನಸಹಾಯ ಪಡೆಯುವ ವಿದ್ಯಾಸಂಸ್ಥೆಗಳು ಲಿಂಗಭೇದ ಮಾಡಕೂಡದೆಂದು ವಿಧಿಸಿತು. 'ಟೈಟಲ್ ನೈನ್' ಎಂದು ಹೆಸರಾದ ಈ ಶಾಸನದ ಫಲವಾಗಿ ವಿಶ್ವವಿದ್ಯಾಲಯಗಳು ಮಹಿಳೆಯರಿಗಾಗಿ ಹೊಸ ತಂಡಗಳನ್ನು ಕಟ್ಟತೊಡಗಿದವು. ಹಾಗೆ ತಡವಾಗಿ ಪ್ರವೇಶ ಪಡೆದ ಕ್ರೀಡೆಗಳಲ್ಲಿ ಬೀಚ್ ವಾಲಿಬಾಲ್ ಒಂದು.

ವಾಲಿಬಾಲ್ ಆಟವನ್ನು 1895ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಹೋಲಿಯೋಕ್ ಪಟ್ಟಣದಲ್ಲಿ ವಿಲಿಯಂ ಮಾರ್ಗನ್ ರೂಪಿಸಿದನು. 1920ರ ದಶಕದಲ್ಲಿ ಅದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಕಡಲತೀರದ ಮರಳಿಗೆ ಇಳಿಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಜಾಗತಿಕ ಮನ್ನಣೆ ದೊರೆಯಿತು.

ಒಳಾಂಗಣದಲ್ಲಿ ಪಕ್ಷಕ್ಕೆ ಆರು ಮಂದಿ, ಮರಳಿನಲ್ಲಿ ಇಬ್ಬರೇ. 16 ಮೀಟರ್ ಉದ್ದ, 8 ಮೀಟರ್ ಅಗಲದ ಅಂಕಣದಲ್ಲಿ ತಮ್ಮ ಅರ್ಧಭಾಗವನ್ನು ಆ ಇಬ್ಬರೇ ಕಾಯಬೇಕು. ಮಹಿಳೆಯರ ಬಲೆಯ ಎತ್ತರ 2.24 ಮೀಟರ್. ಕಾಲೂರಿದರೆ ಮರಳು ಕುಸಿಯುತ್ತದೆ; ಗಾಳಿ ಚೆಂಡಿನ ದಾರಿಯನ್ನು ಬದಲಿಸುತ್ತದೆ. ಬಿಸಿಲು, ಗಾಳಿಗಳ ಅನುಕೂಲ ಒಂದೇ ಪಕ್ಷಕ್ಕೆ ದೊರೆಯದಂತೆ ಆಟದ ನಡುವೆ ಪದೇ ಪದೇ ಅಂಕಣದ ಬದಿಗಳನ್ನು ಬದಲಾಯಿಸುತ್ತಾರೆ.

ವಿಶ್ವವಿದ್ಯಾಲಯಗಳ ಸ್ಪರ್ಧೆಯಲ್ಲಿ ಒಂದು ವಿಶೇಷವಿದೆ. ಪ್ರತಿ ತಂಡವೂ ಐದು ಜೋಡಿಗಳನ್ನು ಅವುಗಳ ಸಾಮರ್ಥ್ಯದ ಕ್ರಮದಲ್ಲಿ ಕಣಕ್ಕಿಳಿಸುತ್ತದೆ. ಮೊದಲನೆಯ ಜೋಡಿ ಎದುರಾಳಿಯ ಮೊದಲನೆಯದರೊಡನೆ, ಐದನೆಯದು ಐದನೆಯದರೊಡನೆ ಸೆಣಸುತ್ತದೆ. ಮೂರು ಜೋಡಿಗಳು ಗೆದ್ದ ತಂಡಕ್ಕೆ ಜಯ. ಅತಿ ಪ್ರಬಲ ಜೋಡಿಯ ಗೆಲುವಿಗೂ ಕೊನೆಯ ಜೋಡಿಯ ಗೆಲುವಿಗೂ ಬೆಲೆ ಒಂದೇ. ಆದುದರಿಂದ ಅಪ್ರತಿಮ ಆಟಗಾರ್ತಿಯಿದ್ದ ಮಾತ್ರಕ್ಕೆ ತಂಡ ಗೆಲ್ಲಲಾರದು. ಹೆಸರಿಲ್ಲದ ಹೊಸಬಳ ಕೈಯಲ್ಲಿಯೂ ಇಡೀ ತಂಡದ ಭವಿಷ್ಯವಿರುತ್ತದೆ.

2012ರಲ್ಲಿ ತರಬೇತುದಾರರ ಸಂಘವು ನಡೆಸಿದ ಮೊದಲ ಚಾಂಪಿಯನ್‌ಷಿಪ್ಪನ್ನು ಪೆಪ್ಪರ್‌ಡೈನ್ ವಿಶ್ವವಿದ್ಯಾಲಯ ಗೆದ್ದಿತು. ಹೊಸ ಕ್ರೀಡೆಗೆ ಆಕ್ಷೇಪಗಳೂ ಇದ್ದವು. ಒಳಾಂಗಣದ ಆಟಗಾರ್ತಿಯರನ್ನೇ ಮರಳಿಗಿಳಿಸಿ, ಅವರನ್ನು ಎರಡು ಬಾರಿ ಲೆಕ್ಕ ಹಿಡಿದರೆ, ಕಾಗದದ ಮೇಲೆ ಅವಕಾಶ ಹೆಚ್ಚಿದಂತೆ ಕಂಡೀತೇ ಹೊರತು ಹೊಸ ವಿದ್ಯಾರ್ಥಿನಿಯರಿಗೆ ಲಾಭವಾಗದು ಎಂಬುದು ವಿಮರ್ಶಕರ ಮಾತು. ಮರಳಂಗಣಕ್ಕೇ ಮೀಸಲಾದ ಆಟಗಾರ್ತಿಯರು ಬಂದಂತೆಲ್ಲ ಈ ಕ್ರೀಡೆ ತನ್ನ ಕಾಲ ಮೇಲೆ ನಿಂತಿತು. 2016ರಲ್ಲಿ ಅಲಬಾಮಾದ ಗಲ್ಫ್ ಶೋರ್ಸ್ ಕಡಲತೀರದಲ್ಲಿ ರಾಷ್ಟ್ರೀಯ ಕಾಲೇಜು ಕ್ರೀಡಾಸಂಘದ ಪ್ರಥಮ ಚಾಂಪಿಯನ್‌ಷಿಪ್ ನಡೆದು, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಜಯಗಳಿಸಿತು. 2025ರಲ್ಲಿ ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯವು ಪ್ರಶಸ್ತಿಯನ್ನು ಮೊದಲ ಬಾರಿಗೆ ಕ್ಯಾಲಿಫೋರ್ನಿಯಾದ ಹೊರಗೆ ಒಯ್ದಿತು.

ಪ್ರಥಮ ವಿಜೇತ ತಂಡದಲ್ಲಿದ್ದ ಸಾರಾ ಹ್ಯೂಸ್ ಮತ್ತು ಕೆಲ್ಲಿ ಕ್ಲೇಸ್ ವಿದ್ಯಾರ್ಥಿದೆಸೆಯಲ್ಲಿ ಸತತವಾಗಿ 103 ಪಂದ್ಯಗಳನ್ನು ಗೆದ್ದರು. ಮುಂದೆ ಬೇರೆ ಬೇರೆ ಜೊತೆಗಾರ್ತಿಯರೊಡನೆ ಆಡಿ, ಮತ್ತೆ ಒಂದಾಗಿ, 2023ರಲ್ಲಿ ವಿಶ್ವ ಚಾಂಪಿಯನ್ನರಾದರು.

ಪ್ರತಿಭೆ ಎಲ್ಲ ಕಾಲದಲ್ಲಿಯೂ ಇರುತ್ತದೆ. ಅದು ಅರಳಲು ಅಂಕಣ ಬೇಕು. ನ್ಯಾಯವಾದ ಶಾಸನ ಅಂಕಣವನ್ನು ಒದಗಿಸಬಲ್ಲದು. ಕುಸಿಯುವ ಮರಳಿನ ಮೇಲೆ ಸ್ಥಿರವಾಗಿ ನಿಲ್ಲುವ ಶಕ್ತಿಯನ್ನು ಆಟಗಾರ್ತಿಯರೇ ಗಳಿಸಬೇಕು.

ಅಭ್ಯಾಸ
1. 1972ರ ಶಾಸನವು ವಿದ್ಯಾಸಂಸ್ಥೆಗಳಿಗೆ ಏನೆಂದು ವಿಧಿಸಿತು?
2. ಐದನೆಯ ಜೋಡಿಯ ಗೆಲುವು ಏಕೆ ಮುಖ್ಯ?
3. ಹೊಸ ಕ್ರೀಡೆಗೆ ಬಂದ ಆಕ್ಷೇಪವನ್ನು ನಿಮ್ಮ ಮಾತಿನಲ್ಲಿ ವಿವರಿಸಿ.