ಕೊರಳಿನ ನಾಲ್ಕು ಕಾಳುಗಳು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಳಗಂಡದ ಶಸ್ತ್ರಚಿಕಿತ್ಸೆಗೆ ಯುರೋಪಿನಲ್ಲಿ ಇಬ್ಬರು ವೈದ್ಯರು ಹೆಸರಾಗಿದ್ದರು. ಒಬ್ಬರು ವಿಯೆನ್ನಾದ ಬಿಲ್‌ರೋತ್. ಇನ್ನೊಬ್ಬರು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಕೋಖರ್. ಇಬ್ಬರೂ ಊದಿಕೊಂಡ ಥೈರಾಯ್ಡ್ ಗ್ರಂಥಿಯನ್ನು ತೆಗೆಯುವುದರಲ್ಲಿ ನಿಪುಣರು. ಆದರೂ ಬಿಲ್‌ರೋತರ ರೋಗಿಗಳಲ್ಲಿ ಕೆಲವರ ಬೆರಳುಗಳು ಶಸ್ತ್ರಕ್ರಿಯೆಯ ತರುವಾಯ ಸೆಟೆದುಕೊಳ್ಳುತ್ತಿದ್ದವು, ಸ್ನಾಯುಗಳು ಸೆಳೆಯುತ್ತಿದ್ದವು, ಕೆಲವರು ಅಸುನೀಗಿದರು. ಈ ವಿಕಾರಕ್ಕೆ ಟೆಟನಿ ಎಂದು ಹೆಸರು. ಇದು ಧನುರ್ವಾಯುವಲ್ಲ, ಧನುರ್ವಾಯು ರೋಗಾಣುವಿನಿಂದ ಬರತಕ್ಕದ್ದು.

ಕೋಖರರ ರೋಗಿಗಳಲ್ಲಿ ಈ ಸೆಳೆತ ವಿರಳವಾಗಿತ್ತು. ಇಬ್ಬರ ಕೈಚಳಕವನ್ನೂ ಕಣ್ಣಾರೆ ಕಂಡಿದ್ದ ಅಮೆರಿಕದ ಹಾಲ್‌ಸ್ಟೆಡ್ ಇದರ ಕಾರಣವನ್ನು ಊಹಿಸಿದರು. ಬಿಲ್‌ರೋತರದು ವೇಗದ ಕೈ. ಕೋಖರರಾದರೋ ರಕ್ತ ಹರಿಯಗೊಡದೆ, ಗ್ರಂಥಿಯ ಹೊದಿಕೆಗೆ ಅಂಟಿಕೊಂಡೇ ನಿಧಾನವಾಗಿ ಬಿಡಿಸುತ್ತಿದ್ದರು. ಹೀಗಾಗಿ ಥೈರಾಯ್ಡಿನ ಹಿಂಬದಿಯಲ್ಲಿ ಅಡಗಿದ್ದ ಯಾವುದೋ ಒಂದು ಅಂಗ ಅವರ ಕೈಯಲ್ಲಿ ಉಳಿದುಕೊಳ್ಳುತ್ತಿತ್ತು.

ಆ ಅಂಗವೇ ಪ್ಯಾರಾಥೈರಾಯ್ಡ್. ಲಂಡನ್ನಿನ ಮೃಗಾಲಯದಲ್ಲಿ ಸತ್ತ ಭಾರತೀಯ ಘೇಂಡಾಮೃಗವೊಂದರ ಕೊರಳಿನಲ್ಲಿ ರಿಚರ್ಡ್ ಓವೆನ್ ಅದನ್ನು ಮೊದಲೇ ಕಂಡಿದ್ದರು. ಮನುಷ್ಯನಲ್ಲಿ ಅದನ್ನು 1880ರಲ್ಲಿ ವಿವರಿಸಿದವರು ಸ್ವೀಡನ್ನಿನ ಸ್ಯಾಂಡ್‌ಸ್ಟ್ರೋಮ್. ಸಾಮಾನ್ಯವಾಗಿ ನಾಲ್ಕು ಇರುವ ಈ ಗ್ರಂಥಿಗಳು ಒಂದೊಂದೂ ಗೋಧಿಕಾಳಿಗಿಂತ ದೊಡ್ಡವಲ್ಲ. ಅವುಗಳ ರಸವು ಮೂಳೆಗಳಿಂದ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಸೆಳೆಯುತ್ತದೆ. ಮೂತ್ರದಲ್ಲಿ ಅದು ಪೋಲಾಗದಂತೆ ತಡೆಯುತ್ತದೆ. ಆ ರಸ ನಿಂತರೆ ರಕ್ತದ ಕ್ಯಾಲ್ಸಿಯಂ ಇಳಿದು ನರಗಳು ಕೆರಳುತ್ತವೆ. ಕ್ಯಾಲ್ಸಿಯಂ ಕೊಟ್ಟರೆ ಸೆಳೆತ ನಿಲ್ಲುವುದೆಂದು ಮ್ಯಾಕಲಮ್ ಮತ್ತು ಫೋಗ್ಟ್‌ಲಿನ್ 1909ರಲ್ಲಿ ತೋರಿಸಿಕೊಟ್ಟರು. ಕೋಖರರಿಗೆ ನೊಬೆಲ್ ಬಹುಮಾನ ಬಂದುದೂ ಅದೇ ವರ್ಷ.

ಇಂದಿನ ಶಸ್ತ್ರವೈದ್ಯರ ಮೊದಲ ಕಾಳಜಿ ಈ ಕಾಳುಗಳನ್ನು ಗುರುತಿಸುವುದು. ಗುರುತಿಸಿದರೆ ಸಾಲದು, ಅವಕ್ಕೆ ರಕ್ತವನ್ನು ಒಯ್ಯುವ ಕೂದಲೆಳೆಯಂತಹ ನಾಳಗಳನ್ನೂ ಉಳಿಸಬೇಕು. ನಾಳ ತುಂಡಾಯಿತೋ, ಗ್ರಂಥಿಯನ್ನು ಸಣ್ಣ ಚೂರುಗಳಾಗಿ ಮಾಡಿ ಕೊರಳಿನ ಸ್ನಾಯುವಿನೊಳಗೆ ನೆಡುತ್ತಾರೆ. ಅನೇಕ ವೇಳೆ ಅದು ಅಲ್ಲಿಯೇ ಬೇರೂರಿ ಮತ್ತೆ ಕೆಲಸಕ್ಕೆ ತೊಡಗುತ್ತದೆ. ರೋಗಿಯಲ್ಲಿ ಡಿ ಜೀವಸತ್ವದ ಕೊರತೆಯಿದ್ದರೆ ಅದನ್ನು ಮುಂಚಿತವಾಗಿಯೇ ತುಂಬಿಸುವುದು ಮೇಲು.

ಥೈರಾಯ್ಡನ್ನು ಪೂರ್ತಿ ತೆಗೆದ ಮೇಲೆ ಮೊದಲ ಕೆಲವು ದಿನಗಳು ನಾಜೂಕಿನವು. ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಗುಟ್ಟಿದರೆ ಅದನ್ನು ನಿತ್ರಾಣವೆಂದು ಕಡೆಗಣಿಸದೆ ವೈದ್ಯರಿಗೆ ತಿಳಿಸಬೇಕು. ರಕ್ತಪರೀಕ್ಷೆಯ ಫಲವನ್ನು ನೋಡಿ ಅವರು ಕ್ಯಾಲ್ಸಿಯಂ ಮಾತ್ರೆಗಳನ್ನೂ ಅಗತ್ಯವಿದ್ದರೆ ಕ್ಯಾಲ್ಸಿಟ್ರಿಯಾಲನ್ನೂ ಕೊಡುತ್ತಾರೆ. ಸೆಳೆತ ಬಲವಾದಾಗ ಔಷಧವು ನೇರವಾಗಿ ರಕ್ತನಾಳಕ್ಕೇ ಹೋಗಬೇಕು. ಕ್ಯಾಲ್ಸಿಯಂ ಮಾತ್ರೆಗೂ ಥೈರಾಯ್ಡ್ ಮಾತ್ರೆಗೂ ನಡುವೆ ನಾಲ್ಕು ಗಂಟೆಗಳ ಅಂತರವಿರಬೇಕು. ಇಲ್ಲವಾದರೆ ಎರಡನೆಯದು ಮೈಗೆ ಹತ್ತುವುದಿಲ್ಲ. ಪೆಟ್ಟು ತಿಂದ ಗ್ರಂಥಿಗಳು ಬಹುಮಂದಿಯಲ್ಲಿ ಕೆಲವು ವಾರ ಇಲ್ಲವೆ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತವೆ. ಆಗ ಮಾತ್ರೆಗಳನ್ನು ಒಮ್ಮೆಲೇ ಬಿಡದೆ, ಪರೀಕ್ಷೆ ಮಾಡಿಸುತ್ತ ಹಂತಹಂತವಾಗಿ ಇಳಿಸುತ್ತಾರೆ.