ಹೂಜಿಯ ಮೇಲೆ ಉಳಿದ ನೇಕಾರರು

ಗಡಿಗೆ ಒಡೆದರೆ ಚೂರಾದರೂ ಉಳಿಯುತ್ತದೆ. ಬಟ್ಟೆ ಮಣ್ಣು ಸೇರಿದರೆ ಎಳೆಯೂ ಉಳಿಯುವುದಿಲ್ಲ. ಸಿರುಗುಪ್ಪ ಸೀಮೆಯ ತೆಕ್ಕಲಕೋಟೆಯ ಗುಡ್ಡಗಳಲ್ಲಿ ಅಗೆದವರಿಗೆ ನವಶಿಲಾಯುಗದ ಮಡಕೆಯ ಚೂರುಗಳು ಧಾರಾಳವಾಗಿ ಸಿಕ್ಕಿದವು. ಆ ಜನ ಏನು ಉಟ್ಟಿದ್ದರೆಂಬುದನ್ನು ಮಾತ್ರ ಊಹಿಸಬೇಕಾಗಿದೆ. ಹೀಗಿರುವಾಗ ಬಟ್ಟೆ ನೇಯುವವರ ಕಥೆಯನ್ನು ಮಣ್ಣಿನ ಪಾತ್ರೆಯ ಮೇಲೆ ಓದಬಹುದೆಂದರೆ ವಾಚಕರಿಗೆ ವಿಚಿತ್ರವೆನಿಸೀತು. ಇಂಗ್ಲೆಂಡಿನ ಅಂತಹ ಹೂಜಿಗಳ ಚಿತ್ರವನ್ನು ನಾನು ಒಂದು ಪುಸ್ತಕದಲ್ಲಿ ಕಂಡೆ.

1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಜನ ನೆರೆದರು. ಸುತ್ತಲಿನ ಊರುಗಳಿಂದ ನಡೆದು ಬಂದ ಕೈಮಗ್ಗದ ನೇಕಾರರು ಅವರಲ್ಲಿ ಬಹಳ ಮಂದಿ. ಕೂಲಿ ಇಳಿದಿತ್ತು, ಅಷ್ಟು ದೊಡ್ಡ ಊರಿಗೆ ಪಾರ್ಲಿಮೆಂಟಿನಲ್ಲಿ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಹೆನ್ರಿ ಹಂಟನ ಭಾಷಣ ಕೇಳಲು ನಿಂತವರ ಮೇಲೆ ಕುದುರೆಯ ದಂಡು ಕತ್ತಿ ಹಿರಿದು ನುಗ್ಗಿತು. ಹದಿನೈದಕ್ಕೆ ಕಡಮೆಯಿಲ್ಲದಷ್ಟು ಜನ ಸತ್ತರು, ನೂರಾರು ಮಂದಿ ಗಾಯಗೊಂಡರು. ವಾಟರ್ಲೂ ಯುದ್ಧ ಮುಗಿದು ನಾಲ್ಕೇ ವರ್ಷವಾಗಿತ್ತು. ಅದನ್ನು ಅಣಕಿಸಿ ಇದಕ್ಕೆ ಪೀಟರ್ಲೂ ಎಂದು ಹೆಸರಿಟ್ಟರು. ಹಂಟನಿಗೆ ಎರಡೂವರೆ ವರ್ಷ ಸೆರೆಯಾಯಿತು.

ಬಹು ಬೇಗ ಹಂಟನ ಮುಖವೂ ಕುದುರೆ ಸವಾರರ ಚಿತ್ರವೂ ಹೂಜಿಗಳ ಮೇಲೆ ಕಾಣಿಸಿಕೊಂಡವು. ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಮಸಿ ತುಂಬಿ, ತೆಳು ಕಾಗದಕ್ಕೆ ಅಚ್ಚು ತೆಗೆದು, ಹಸಿ ಆರುವ ಮುನ್ನ ಅದನ್ನು ಪಾತ್ರೆಗೆ ಒತ್ತಿ ಸುಡುವ ವಿದ್ಯೆ 1750ರ ದಶಕದಿಂದಲೇ ಅಲ್ಲಿ ಬೆಳೆದಿತ್ತು. ಒಂದು ತಗಡಿನಿಂದ ಎಷ್ಟೋ ಹೂಜಿ. ಅದೇ ವರ್ಷದ ಕೊನೆಗೆ ಸರ್ಕಾರ ಆರು ಕಾಯಿದೆಗಳನ್ನು ತಂದು ಸಭೆಗಳನ್ನು ಬಿಗಿಮಾಡಿತು, ಅಗ್ಗದ ಪತ್ರಿಕೆಗಳ ಮೇಲೂ ಸ್ಟಾಂಪಿನ ಸುಂಕ ಹೇರಿತು. ಹೂಜಿಗೆ ಸ್ಟಾಂಪು ಹಚ್ಚಬೇಕಾಗಿರಲಿಲ್ಲ!

ಮಾಡಿದವರೆಲ್ಲ ಕ್ರಾಂತಿಕಾರರೆಂದು ತಿಳಿಯಬಾರದು. 1820ರಲ್ಲಿ ರಾಣಿ ಕ್ಯಾರೊಲಿನಳ ಚಿತ್ರ, 1821ರಲ್ಲಿ ರಾಜನ ಪಟ್ಟಾಭಿಷೇಕದ ಚಿತ್ರ, ಹೀಗೆ ಮಾರಾಟವಾಗುವುದನ್ನೆಲ್ಲ ಅಚ್ಚೊತ್ತಿದರು. ಇದರಿಂದ ಹೂಜಿಯ ಬೆಲೆ ತಗ್ಗಿತೆಂದು ನನಗೆ ತೋರುವುದಿಲ್ಲ. ನೇಕಾರರ ದುಃಖವನ್ನು ಹಣ ಕೊಟ್ಟು ಮನೆಗೆ ಒಯ್ದವರಿದ್ದರು ಎಂಬುದಕ್ಕೆ ಅದೇ ಸಾಕ್ಷಿ.

ಆ ಲ್ಯಾಂಕಾಷೈರಿನ ಗಿರಣಿ ನಮ್ಮ ನೇಕಾರನನ್ನೂ ಬಿಡಲಿಲ್ಲ. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟಾಗ ಇಲ್ಲಿಗೆ ಬಂದ ಥಾಮಸ್ ಮನ್ರೋ, 1813ರಲ್ಲಿ ಪಾರ್ಲಿಮೆಂಟಿನ ಮುಂದೆ ನಮ್ಮ ಬಟ್ಟೆಯನ್ನು ಬಾಯ್ತುಂಬ ಹೊಗಳಿದ. ಇಂಗ್ಲೆಂಡಿನ ಸರಕು ಇಲ್ಲಿ ಹೆಚ್ಚು ಮಾರದೆಂದ. ಅವನ ಲೆಕ್ಕ ತಪ್ಪಿತು. ಗಿರಣಿಯ ಬಟ್ಟೆ ಬಂದಿತು. ಅದರ ಜೊತೆಗೆ ಕಸುಬುದಾರರು ಮೊಹತರ್ಫಾ ಎಂಬ ತೆರಿಗೆಯನ್ನೂ ಕಟ್ಟುತ್ತಿದ್ದರು. ನೇಕಾರನೂ ಅದರಿಂದ ಹೊರತಲ್ಲ. 1852ರಲ್ಲಿ ಮದರಾಸಿನ ನೇಟಿವ್ ಅಸೋಸಿಯೇಷನ್ನಿನವರು ಪಾರ್ಲಿಮೆಂಟಿಗೆ ಬರೆದ ಅರ್ಜಿಯಲ್ಲಿ ಈ ತೆರಿಗೆಯ ದೂರು ಇದೆ. ನಮ್ಮ ನೇಕಾರನ ಅಳಲು ಉಳಿದದ್ದು ಇಂತಹ ಅರ್ಜಿಗಳಲ್ಲಿ, ಅದೂ ಇಂಗ್ಲಿಷಿನಲ್ಲಿ. ನಮ್ಮ ಕುಂಬಾರ ಊರಿಗೆ ಬೇಕಾದ ಗಡಿಗೆ ಕೊಟ್ಟು ಸುಗ್ಗಿಯಲ್ಲಿ ಕಾಳಿನ ಆಯ ಪಡೆಯುತ್ತಿದ್ದವನು; ಸುದ್ದಿಯನ್ನು ಅಚ್ಚೊತ್ತಿ ಮಾರುವ ಅಂಗಡಿ ಅವನದಲ್ಲ.

ಇಲ್ಲಿ ಮನೆಯ ಮಾತೊಂದನ್ನು ಹೇಳಿದರೆ ಅಧ್ಯಾಪಕರು ಕ್ಷಮಿಸಬೇಕು. ಕುರುಗೋಡಿನಿಂದ ನಾನು ಕಾಲೇಜಿಗೆ ಬರುವ ಬಸ್ಸಿನಲ್ಲೇ ನಮ್ಮವ್ವ ಬಳ್ಳಾರಿಗೆ ಬರುತ್ತಾಳೆ. ಜೀನ್ಸ್ ಹೊಲಿಯುವ ಕಡೆ ದಾರ ಕತ್ತರಿಸುವ ಕೆಲಸ. ಪ್ಯಾಂಟಿಗೆ ಇಷ್ಟೆಂದು ಕೂಲಿ. ಕಳೆದ ವರ್ಷ ಕೂಲಿ ಏರಿಸಿರೆಂದು ಹೆಂಗಸರೆಲ್ಲ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೆಯ ದಿನ ಹಳೆಯ ಕೂಲಿಗೇ ಹೋದರು. ಯಾವ ಪತ್ರಿಕೆಯಲ್ಲೂ ಅದು ಬರಲಿಲ್ಲ. ಈ ಲೇಖನ ಬರೆಯುವುದಕ್ಕೆ ಅದೂ ಒಂದು ಕಾರಣ.

ಹೂಜಿಯ ಚಿತ್ರವನ್ನು ಅವ್ವನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಇದರಾಗ ನೀರು ತುಂಬ್ತಿದ್ರೋ, ಸುಮ್ನ ಇಟ್ಟಿದ್ರೋ?" ಎಂದಳು.

ಎರಡೂ ಇರಬೇಕು ಎಂದೆ. ದಿನವೂ ಬಳಸಿದವು ಒಡೆದುಹೋಗಿರಬೇಕು. ಈಗ ಮ್ಯೂಸಿಯಮ್ಮಿನಲ್ಲಿರುವವು ಯಾರೋ ಕೈಗೆಟುಕದಂತೆ ಮೇಲೆ ಎತ್ತಿಟ್ಟವು.