ಕೋಳಿ ಹೊಟ್ಟೆಯ ಹುಳ, ಮಂಕರಿ ಕೆಳಗಿನ ಮಣ್ಣು

ನಮ್ಮ ಕಡೆ ಕೋಳಿ ಸತ್ತರೆ ಮೊದಲು ಹೇಳೋದು ಕೊಕ್ಕರೆ ರೋಗ. ನಾನೂ ಹಾಗೇ ತಿಳಿದಿದ್ದೆ. 13 ಮರಿಗಳಲ್ಲಿ 8 ಮರಿ ಮೂರು ತಿಂಗಳು ತುಂಬುವ ಮೊದಲೇ ಸತ್ತವು. ಆದರೆ ಕೊಕ್ಕರೆ ರೋಗ ಬಂದರೆ ನಾಲ್ಕಾರು ದಿನದಲ್ಲಿ ಕೇರಿಯ ಕೋಳಿಗಳೆಲ್ಲ ಖಾಲಿಯಾಗುತ್ತವೆ. ಇವು ಕಾಳು ತಿನ್ನುತ್ತಲೇ ಸೊರಗಿ, ಎದೆಮೂಳೆ ಎದ್ದು, ರೆಕ್ಕೆ ಇಳಿಬಿಟ್ಟುಕೊಂಡು ಒಂದೊಂದಾಗಿ ಹೋದವು.

ಸತ್ತದ್ದೊಂದನ್ನು ಕುಯ್ದು ನೋಡಿದೆ. ಸಣ್ಣ ಕರುಳಿನ ತುಂಬ ಶಾವಿಗೆಯಂಥ ಬಿಳಿ ಹುಳ, ಬೆರಳುದ್ದ. ಇದು ದುಂಡು ಜಂತು. ಪಶುವೈದ್ಯರು ಪೈಪರಜಿನ್ ಕೊಟ್ಟರು. ನೀರಲ್ಲಿ ಕಲಸಿ ಕುಡಿಸಿದೆ, ಹಿಕ್ಕೆಯಲ್ಲಿ ಹುಳ ಬಿದ್ದವು. ಗೆದ್ದೆ ಅಂದುಕೊಂಡೆ. ಎರಡು ತಿಂಗಳಿಗೆ ಮತ್ತೆ ಅದೇ ಕಥೆ.

"ಮರಿಗಳಿಗೆ ಮಂಕರಿ ಎಲ್ಲಿ ಮುಚ್ಚುತ್ತೀರಿ ಯಜಮಾನ್ರೇ?" ಅಂತ ಅವರು ಕೇಳಿದಾಗ ತಪ್ಪು ಹೊಳೆಯಿತು. ಕೊಟ್ಟಿಗೆ ಮೂಲೆ, ನೀರಿನ ಬಾನಿ ಪಕ್ಕ, ವರ್ಷಗಟ್ಟಲೆ ಅದೇ ಜಾಗ. ದೊಡ್ಡ ಕೋಳಿಗಳು ಮಲಗುವುದೂ ಅಲ್ಲೇ. ಅವುಗಳ ಹೊಟ್ಟೆಯಲ್ಲೂ ಹುಳ ಇರುತ್ತೆ, ತಡೆದುಕೊಳ್ಳುತ್ತವೆ ಅಷ್ಟೆ. ಹಿಕ್ಕೆ ಜೊತೆ ಹುಳದ ಮೊಟ್ಟೆ ಮಣ್ಣಿಗೆ ಬೀಳುತ್ತದೆ. ಬಿದ್ದ ದಿನವೇ ಅಂಟುವುದಿಲ್ಲ. ಬೆಚ್ಚಗೆ, ತೇವವಾಗಿ ಇದ್ದರೆ 10-15 ದಿನದಲ್ಲಿ ಒಳಗೆ ಮರಿಹುಳ ಬಲಿಯುತ್ತದೆ. ಆಮೇಲೆ ತಿಂಗಳುಗಟ್ಟಲೆ ಕಾದು ಕೂತಿರುತ್ತದೆ. ಕೆದಕಿ ತಿನ್ನುವ ಕೋಳಿಮರಿ ಅದನ್ನೂ ನುಂಗುತ್ತದೆ. ಮೂರು ತಿಂಗಳೊಳಗಿನ ಮರಿಗಳಿಗೇ ಪೆಟ್ಟು ಜಾಸ್ತಿ.

ಹಾಗಾಗಿ ಈಗ ವಾರಕ್ಕೊಮ್ಮೆ ಬಲಿಯುವ ಮೊದಲೇ ಹಿಕ್ಕೆ ಗುಡಿಸಿ ತೆಗೆಯುತ್ತೇನೆ. ಹಳೆ ಜಾಗದ ಮೇಲ್ಮಣ್ಣು ಕೆತ್ತಿ ಗುಂಡಿಯಲ್ಲಿ ಮುಚ್ಚಿದೆ. ತಿಪ್ಪೆಗೆ ಹಾಕಿದರೆ ಕೋಳಿ ಅಲ್ಲೇ ಹೋಗಿ ಕೆದಕುತ್ತಲ್ಲ! ಬಾನಿ ದೂರ ಇಟ್ಟೆ. ಮರಿಗಳನ್ನು ದೊಡ್ಡವುಗಳಿಂದ ಬೇರೆ ಮಾಡಿ, ಮಂಕರಿಯನ್ನು ಒಣಗಿದ ಹೊಸ ಜಾಗಕ್ಕೆ ಸರಿಸುತ್ತಿರುತ್ತೇನೆ. ಒಣ ಬಿಸಿಲು ಈ ಮೊಟ್ಟೆಗೆ ಆಗದು. ಮಳೆ ಇಲ್ಲ ಅಂತ ಗೊಣಗುವ ನಮಗೆ ಇದೊಂದು ಲಾಭ. ಸುಣ್ಣ ಎರಚಿದರೆ ಸಾಕು ಅನ್ನುವವರಿದ್ದಾರೆ. ಮೊಟ್ಟೆಯ ಸಿಪ್ಪೆ ಗಟ್ಟಿ, ಅದೊಂದನ್ನೇ ನಂಬಬೇಡಿ.

ಔಷಧಿಯನ್ನೂ ಬಿಟ್ಟಿಲ್ಲ. ಪೈಪರಜಿನ್ ಬೆಳೆದ ಹುಳಕ್ಕೆ ತಾಗುತ್ತದೆ, ಎಳೆಯವು ಉಳಿಯುತ್ತವೆ. ಅದಕ್ಕೇ ವೈದ್ಯರು ಹೇಳಿದ ದಿನ ಇನ್ನೊಮ್ಮೆ ಕೊಡಬೇಕು, ದೊಡ್ಡ ಕೋಳಿಗಳಿಗೂ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಕೋಳಿಮೊಟ್ಟೆ ತಿನ್ನಬಾರದು ಅಂತ ಕೇಳಿಕೊಳ್ಳಿ. ಹಿಕ್ಕೆಯಲ್ಲಿ ಅಕ್ಕಿಕಾಳಿನಂಥ ತುಂಡು ಕಂಡರೆ ಅದು ಲಾಡಿಹುಳ. ಇರುವೆ, ಜೀರುಂಡೆ ತಿಂದು ಬರುವಂಥದ್ದು. ಪೈಪರಜಿನ್‌ಗೆ ಜಗ್ಗದು, ಔಷಧಿ ಬೇರೆ. ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಬೇರೆ ರೋಗ ಇರಬಹುದು, ಹಿಕ್ಕೆಯನ್ನು ಪರೀಕ್ಷೆಗೆ ಒಯ್ಯಿರಿ.

ಈ ಸಲ 11 ಮರಿ ಎದ್ದವು. ಒಂದನ್ನು ಹದ್ದು ಒಯ್ದಿತು. ಉಳಿದ 10 ಮೂರು ತಿಂಗಳು ದಾಟಿವೆ.